ಕರುವಿನ ಕಾಯಿಲೆ, ಅತ್ತೆಯ ಅಡುಗೆ

ಅತ್ತೆಯ ಕೊಟ್ಟಿಗೆಯಲ್ಲಿ ಎಳೆಗರುವೊಂದು ನೀರಿನಂತೆ ಭೇದಿಯಾಗಿ ಕಾಲು ಚೆಲ್ಲಿ ಮಲಗಿತ್ತು. ಅಳಿಯ ಪಶುವೈದ್ಯ. ಕರೆದ ಕೂಡಲೇ ಹೆಂಡತಿಯೊಡನೆ ಬಂದ. ನಳಿಕೆಯಲ್ಲಿ ಉಪ್ಪು ಸಕ್ಕರೆಯ ನೀರು ಇಳಿಸಿದ, ಬಾಲದ ಕೆಳಗೆ ತಾನೇ ಒರೆಸಿದ, ಸಂಜೆಯೊಳಗೆ ಕರುವನ್ನು ಎಬ್ಬಿಸಿ ನಿಲ್ಲಿಸಿದ. ಆ ಹುರುಪಿನಲ್ಲಿ ಬಕೆಟ್ಟಿನಲ್ಲಿ ಕೈ ಅದ್ದಿ, ಪ್ಯಾಂಟಿಗೆ ಒರೆಸಿಕೊಂಡು ಊಟಕ್ಕೆ ಕೂತ. ಅತ್ತೆ ಬಗೆಬಗೆಯಾಗಿ ಮಾಡಿ ಬಡಿಸಿದರು.

ವಾರ ಕಳೆಯುವಷ್ಟರಲ್ಲಿ ಅವನಿಗೆ ಭೇದಿ ಹತ್ತಿ ಪಾಯಿಖಾನೆಯೇ ಮನೆಯಾಯಿತು.

"ನಿಮ್ಮಮ್ಮನ ಕೈರುಚಿ ನೋಡು," ಎಂದ ಹೆಂಡತಿಗೆ, ಬಾಗಿಲ ಒಳಗಿನಿಂದಲೇ.

"ಊಟ ಮಾಡಿ ಆಗ್ಲೇ ವಾರ ಆಯ್ತಲ್ರೀ!"

"ಅವರ ಎಣ್ಣೆ ನಿಧಾನಕ್ಕೆ ಕೆಲ್ಸ ಮಾಡತ್ತೆ."

ಹೆಂಡತಿ ಉರಿದುಬಿದ್ದಳು. ತಾಯಿಗೆ ಫೋನ್ ಮಾಡಿ ಒಂದಕ್ಕೆ ನಾಲ್ಕು ಸೇರಿಸಿ ಹೇಳಿದಳು. ಅತ್ತೆ ಪಟ್ಟನೆ ಫೋನಿಟ್ಟರು. ಇಷ್ಟು ವರ್ಷ ಅಳಿಯನನ್ನು ದೇವರಂತೆ ಕಂಡಿದ್ದ ಹೆಂಗಸು ಆಮೇಲೆ ಅವನ ಹೆಸರೆತ್ತಲಿಲ್ಲ.

ಭೇದಿ ನಿಲ್ಲಲಿಲ್ಲ. ಸೋತು ಸುಣ್ಣವಾದವನು ಕೊನೆಗೆ ಮನುಷ್ಯರ ಡಾಕ್ಟರ ಬಳಿ ಹೋದ. ಮಲಪರೀಕ್ಷೆಯ ವರದಿ ನೋಡಿ ಡಾಕ್ಟರು ಕನ್ನಡಕ ಸರಿಮಾಡಿಕೊಂಡರು.

"ಕ್ರಿಪ್ಟೊಸ್ಪೊರಿಡಿಯಂ. ಕರುಗಳ ಸಗಣಿಯಿಂದ ಬರೋ ಪರಾವಲಂಬಿ. ನೀವೇನಾದ್ರೂ ದನಕರು ಹತ್ರ ಹೋಗಿದ್ರಾ?"

ಅವನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಹೋದ ತಿಂಗಳಷ್ಟೇ ಡೈರಿಯ ಸಭೆಯಲ್ಲಿ ಇದೇ ಜೀವಿಯ ಚಿತ್ರ ಹಾಕಿ, "ಕೈ ಸೋಪಿನಲ್ಲಿ ತೊಳೆಯಿರಿ" ಎಂದು ಗಂಟಲು ಹರಿಯುವಂತೆ ಭಾಷಣ ಬಿಗಿದಿದ್ದ. ಚಪ್ಪಾಳೆಯೂ ಬಿದ್ದಿತ್ತು.

"ಔಷಧಿ?" ಎಂದ ಮೆಲ್ಲಗೆ.

"ನೀವು ಗಟ್ಟಿಮುಟ್ಟಾಗಿದ್ದೀರಿ, ತಾನಾಗೇ ಹೋಗತ್ತೆ. ಉಪ್ಪು ಸಕ್ಕರೆ ಹಾಕಿದ ನೀರು ಕುಡೀತಿರಿ. ಗೊತ್ತಲ್ಲ?"

ಗೊತ್ತಿತ್ತು.

ಹೊಟ್ಟೆ ಸರಿಹೋಯಿತು, ಮನೆ ಸರಿಹೋಗಲಿಲ್ಲ. "ಅಮ್ಮಂಗೆ ನಾನು ಹೇಳಲ್ಲ, ನೀವೇ ಹೋಗಿ ಹೇಳಿ," ಎಂದಳು ಹೆಂಡತಿ. ಹೋದ. ಅತ್ತೆ ಕರುವಿನ ಮೈ ಉಜ್ಜುತ್ತಿದ್ದರು. ಅವನು ತೊದಲುತ್ತ ಎಲ್ಲ ಒಪ್ಪಿಕೊಳ್ಳುವವರೆಗೂ ತಲೆಯೆತ್ತಲಿಲ್ಲ.

"ಇದಕ್ಕೂ ಹೊಟ್ಟೆ ಕೆಟ್ಟಿತ್ತಪ್ಪಾ," ಎಂದರು ಕೊನೆಗೆ. "ಪಾಪ, ಮೂಕಪ್ರಾಣಿ. ಯಾರ ಅಡುಗೆ ಮೇಲೂ ಹಾಕ್ಲಿಲ್ಲ."

ಆಮೇಲೆ ಒಳಗೆ ಕರೆದು ಊಟಕ್ಕೆ ಕೂರಿಸಿದರು. ಬಡಿಸಿದರು, ಮತ್ತೆ ಬಡಿಸಿದರು, ಅವನ ಮುಖವನ್ನೇ ನೋಡುತ್ತ ಇನ್ನೊಮ್ಮೆ ಬಡಿಸಿದರು. ಹೊಟ್ಟೆ ಬಿರಿಯುವಂತಿದ್ದರೂ "ಸಾಕು" ಎನ್ನುವ ಧೈರ್ಯ ಅಳಿಯನಿಗೆ ಬರಲಿಲ್ಲ.