ಎಡಗಡೆ ಕೂತವಳ ಪರಿಚಯ

ಟಿಕ್ ಎಂದು ಸೂಜಿ ಮುರಿಯಿತು. ಮಧ್ಯರಾತ್ರಿ ಕಳೆದಿತ್ತು, ಆರ್ಲೀತಾ ಮಷೀನಿಗೆ ಬೇರೆ ಸೂಜಿ ಹಾಕಿದಳು. ಮರುದಿನದ ಸಭೆಗೆ ಒಯ್ಯಬೇಕಿದ್ದ ಮಾದರಿ ನಿಲುವಂಗಿಗೆ ಇನ್ನೂ ಒಂದು ತೋಳು ಬಾಕಿಯಿತ್ತು. ಬರ್ಮಿಂಗ್‌ಹ್ಯಾಮಿನ ಅರ್ಧದಷ್ಟು ಚರ್ಚುಗಳ ಹಾಡುಗಾರರು ಒಂದು ಕಾಲಕ್ಕೆ ಅವಳ ತಾಯಿ ಹೊಲಿದ ನಿಲುವಂಗಿ ತೊಟ್ಟೇ ಹಾಡಿದವರು. ಈಗ ಎಲ್ಲರೂ ಫೋನಿನಲ್ಲಿ ಬೆರಳೊತ್ತಿ ಎಲ್ಲಿಂದಲೋ ತರಿಸಿಕೊಳ್ಳುತ್ತಾರೆ. ಹೊಸ ಕೆಲಸ ಸಿಗದಿದ್ದರೆ ಈಸ್ಟರ್ ಹೊತ್ತಿಗೆ ಅಂಗಡಿಗೆ ಬೀಗ. ಇದು ಗೊತ್ತಿದ್ದದ್ದು ತಂಗಿ ನಡೀನ್‌ಗೆ ಮಾತ್ರ.

ಸಭೆ ನಡೆಸುವವರು ಮಿಸ್ ಓರ್ಲೀನ್. ಊರಿನ ಕಪ್ಪು ಜನರಲ್ಲಿ ಸಣ್ಣಪುಟ್ಟ ವ್ಯಾಪಾರ ಮಾಡುವವರು ಪ್ರತಿ ತಿಂಗಳು ಚರ್ಚಿನ ನೆಲಮಾಳಿಗೆಯಲ್ಲಿ ಸೇರಿ, ಪ್ರಾರ್ಥನೆ ಮಾಡಿ, ಹುರಿದ ಕೋಳಿ ತಿಂದು, ಒಬ್ಬರಿಗೊಬ್ಬರು ಗಿರಾಕಿ ಹುಡುಕಿಕೊಡುತ್ತಿದ್ದರು. ಕಾರ್ಡು ಹಂಚಿ ಹಲ್ಲು ಕಿರಿಯುವ ಜಾಗವೆಂದು ಆರ್ಲೀತಾ ಅತ್ತ ತಲೆ ಹಾಕಿರಲಿಲ್ಲ. ಈ ಸಲ ಹೋದದ್ದು ಬ್ರಾಡ್‌ನಾಕ್ಸ್ ಎಂಬವರಿಗಾಗಿ. ನಾಲ್ಕಾರು ಕಾಲೇಜುಗಳ ಪದವಿ ಗೌನುಗಳನ್ನು ನಮ್ಮವರೊಬ್ಬರ ಕೈಯಲ್ಲೇ ಹೊಲಿಸಬೇಕೆಂದು ಅವರು ಹುಡುಕುತ್ತಿದ್ದರಂತೆ.

ಅಲ್ಲಿ ಯಾರೂ ತಮ್ಮನ್ನು ತಾವು ಹೊಗಳಿಕೊಳ್ಳುವಂತಿರಲಿಲ್ಲ. ಎಡಗಡೆ ಕೂತವರನ್ನು ಪರಿಚಯಿಸಬೇಕು.

"ನಿನ್ನ ಬಡಾಯಿ ಬಾಗಿಲಾಚೆ ಬಿಟ್ಟು ಬಾ ಮಗಳೇ," ಎಂದು ಮಿಸ್ ಓರ್ಲೀನ್ ಆರ್ಲೀತಾಳಿಗೆ ಹೇಳಿದರು. "ಬ್ಯಾಂಕಿನವರು ನಮ್ಮ ಪರ ಒಂದು ಮಾತೂ ಆಡಲ್ಲ. ನಾವು ನಾವಾದ್ರೂ ಆಡ್ಬೇಕಲ್ಲ."

ಆರ್ಲೀತಾಳ ಎಡಕ್ಕೆ ಬಂದು ಕೂತವಳು ಜನೀವ ಪೆಟ್‌ವೇ. ಅವಳದೂ ನಿಲುವಂಗಿಯ ಅಂಗಡಿಯೇ.

ಆರ್ಲೀತಾಳ ಬಲಗಡೆಯಿದ್ದ ಮುದುಕ, ಮುದ್ರಣಾಲಯದ ಕ್ಲಿಯೋಫಸ್ ಡ್ಯೂಕ್ಸ್, ಮೇಜಿಗೆ ಕೈಯೂರಿ ಎದ್ದರು. "ನನ್ನ ಹೆಂಡತೀನ ಮಣ್ಣು ಮಾಡಿದ್ದು ಈ ಹುಡುಗಿ ಹೊಲಿದ ನಿಲುವಂಗೀಲಿ. ಒಂದು ಹೊಲಿಗೇನೂ ಸೊಟ್ಟಗಿರಲಿಲ್ಲ. ಎಲ್ಲಾನೂ ನೋಡಿದೀನಿ. ಅವತ್ತು ಹೆಂಡತಿ ಮುಖ ನೋಡೋಕೆ ನನ್ನಿಂದ ಆಗ್ತಿರಲಿಲ್ಲ."

ಯಾರೋ ಮೆಲ್ಲಗೆ ಆಮೆನ್ ಅಂದರು. ಬ್ರಾಡ್‌ನಾಕ್ಸ್ ತಟ್ಟೆ ಪಕ್ಕಕ್ಕಿಟ್ಟು ಆರ್ಲೀತಾಳತ್ತ ತಿರುಗಿದರು.

ಅವಳ ಸರದಿ. ಹೇಳಬೇಕಾದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ಅವಳು ನ್ಯುಮೋನಿಯಾದಿಂದ ಆಸ್ಪತ್ರೆಯಲ್ಲಿದ್ದಾಗ, ಜನೀವ ನಡೀನ್‌ಳಿಂದ ಅಂಗಡಿಯ ಕೀ ಇಸಿದುಕೊಂಡು, ಒಂದು ಇಡೀ ಗಾಯನತಂಡದ ನಿಲುವಂಗಿಗಳನ್ನು ನಿದ್ದೆಗೆಟ್ಟು ಮುಗಿಸಿದ್ದಳು. ಪ್ರತಿಯೊಂದಕ್ಕೂ ಆರ್ಲೀತಾಳ ಹೆಸರಿನ ಪಟ್ಟಿಯನ್ನೇ ಹೊಲಿದಿದ್ದಳು. ಅದನ್ನೊಂದು ಹೇಳಿದರೆ ಸಾಕು, ಕೆಲಸ ಜನೀವಳದು.

"ನಮ್ಮ ಜನೀವಕ್ಕ ಹಾಡಿದ್ರೆ ಕಿಟಕಿ ಗಾಜು ನಡುಗುತ್ತೆ," ಎಂದಳು ಆರ್ಲೀತಾ. "ಇವರು ಕೇಕ್ ತಂದಿದಾರೆ ಅಂತ ಗೊತ್ತಾದ್ರೆ ಪಾದ್ರಿಗಳು ಉಪದೇಶ ಬೇಗ ಮುಗಿಸ್ತಾರೆ."

ಎಲ್ಲರೂ ನಕ್ಕರು.

"ಕೇಕ್ ಇರಲಿ ಮಗಳೇ. ಹೊಲಿಗೆ ಹೇಗೆ?" ಎಂದರು ಮಿಸ್ ಓರ್ಲೀನ್.

"ಪರವಾಗಿಲ್ಲ," ಎಂದು ಆರ್ಲೀತಾ ಕೂತುಬಿಟ್ಟಳು.

ಜನೀವ ಮಡಿಲಲ್ಲಿದ್ದ ಕರವಸ್ತ್ರವನ್ನು ಮಡಿಸಿದಳು, ಬಿಚ್ಚಿದಳು. ಆಮೇಲೆ ಎದ್ದು ತನ್ನ ಎಡಗಡೆಯಿದ್ದ, ಹುಲ್ಲು ಕತ್ತರಿಸುವ ಕೆಲಸದವನ ಬಗ್ಗೆ ಎಷ್ಟು ಮನಸ್ಸಿಟ್ಟು ಮಾತಾಡಿದಳೆಂದರೆ, ಅವಳು ಕೂರುವಷ್ಟರಲ್ಲಿ ಇಬ್ಬರು ಅವನ ನಂಬರು ಕೇಳಿದರು.

ಸಭೆ ಮುಗಿದ ಮೇಲೆ ಬ್ರಾಡ್‌ನಾಕ್ಸ್ ನೇರವಾಗಿ ಆರ್ಲೀತಾಳ ಬಳಿ ಬಂದರು. ಡ್ಯೂಕ್ಸ್ ಹೇಳಿದ್ದೇ ತಮಗೆ ಸಾಕೆಂದರು. ಮಾದರಿ ನಿಲುವಂಗಿಯನ್ನು ಬಿಡಿಸಿ ಕೂಡ ನೋಡಲಿಲ್ಲ.

ಹೊರಗೆ ಜನೀವ ಕಾರಿನ ಪಕ್ಕ ನಿಂತಿದ್ದಳು. "ಒಳ್ಳೇದಾಯ್ತು ಬಿಡು, ನಿಂಗಾದ್ರೂ ಸಿಕ್ತು. ನಾನು ಶನಿವಾರ ಮಷೀನುಗಳನ್ನ ಮಾರ್ತಾ ಇದೀನಿ." ಕಾರಿನ ಬಾಗಿಲು ತೆರೆಯುತ್ತಾ ಹೇಳಿದಳು: "ಆ ರಾತ್ರಿಗಳ ವಿಷಯ ಹೇಳ್ತೀಯೇನೋ ಅಂದ್ಕೊಂಡಿದ್ದೆ."

"ನೆನಪಿಗೆ ಬರಲಿಲ್ಲ ಅಕ್ಕ."

"ಹೌದಾ," ಎಂದಷ್ಟೇ ಹೇಳಿ ಜನೀವ ಕಾರು ಹತ್ತಿದಳು.

ಫೋನು ಬಡಿದುಕೊಂಡಿತು. ನಡೀನ್. ಕೆಲಸ ಸಿಕ್ಕಿತೆಂದು ಕೇಳಿ ಅವಳು ಅತ್ತೇಬಿಟ್ಟಳು. ಆಮೇಲೆ, ಪಕ್ಕದಲ್ಲಿ ಯಾರು ಕೂತಿದ್ದರು, ಯಾರನ್ನು ಪರಿಚಯಿಸಿದೆ ಎಂದು ವಿಚಾರಿಸಿದಳು.

ಜನೀವಳ ಕಾರು ಬೀದಿಗಿಳಿದು ತಿರುವಿನಲ್ಲಿ ಮರೆಯಾಗುವವರೆಗೆ ಆರ್ಲೀತಾ ಕಾದಳು. ಯಾರೋ ಹುಲ್ಲು ಕತ್ತರಿಸುವವನು ಎಂದಳು. ಜನೀವಳ ಬಗ್ಗೆ ತಾನು ಅಲ್ಲಿ ನುಂಗಿಕೊಂಡ ಮಾತನ್ನು ಇನ್ನು ಯಾರಿಗೂ, ಯಾವತ್ತೂ ಹೇಳಬಾರದೆಂದು ಅಲ್ಲೇ ನಿಶ್ಚಯಿಸಿಕೊಂಡಳು.