ಅತ್ತೆ ನೀರು ಕುಡಿದ ಮದುವೆ

ನಮ್ಮತ್ತೆ ಯಾರ ಮದುವೆಗೆ ಹೋದರೂ ನೀರು ಕುಡಿಯುತ್ತಿರಲಿಲ್ಲ. ಹೊಟ್ಟೆ ತುಂಬ ಉಣ್ಣುತ್ತಿದ್ದರು, ಬಾಯಿ ತುಂಬ ಹರಟುತ್ತಿದ್ದರು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂದು ನನ್ನ ಕಿವಿಯಲ್ಲಿ ಉಸುರುತ್ತಿದ್ದರು. ನೀರಿನ ಲೋಟ ಮುಂದೆ ಬಂದರೆ ಮಾತ್ರ ಅಂಗೈ ಅಡ್ಡ ಹಿಡಿಯುತ್ತಿದ್ದರು. ಕಾರಣವನ್ನು ಗಂಡಸರಿಗೆ ಬಿಡಿಸಿ ಹೇಳಬೇಕು, ಹೆಂಗಸರಿಗೆ ಬೇಕಾಗಿಲ್ಲ. ಕುಡಿದರೆ ಹೋಗಬೇಕು. ಹೋಗುವ ಜಾಗ ನೋಡಿದರೆ ಉಂಡದ್ದೆಲ್ಲ ವಾಪಸು ಬರುತ್ತದೆ.

ಇದನ್ನು ಕೇಳಿ, ನಾಲ್ಕು ಜನರ ಮುಂದೆ ಆಡುವ ಮಾತೇ ಇದು ಎಂದು ಮೂಗು ಮುರಿಯುವವರು ಮುರಿಯಲಿ. ಗಲೀಜು ಮಾಡುವಾಗ ಬಾರದ ನಾಚಿಕೆ ಅದರ ಮಾತಾಡುವಾಗ ಯಾಕೆ ಬರಬೇಕು? ನಾನಂತೂ ಹೇಳಿಯೇ ಹೇಳುತ್ತೇನೆ.

ಅತ್ತೆ ನಿವೃತ್ತಿಯಾಗುವ ತನಕ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂತವರು. ಕಂಬಿಯ ಆಚೆ ಎಂಥ ನೂಕುನುಗ್ಗಲಿದ್ದರೂ "ಸಾಲಲ್ಲಿ ಬನ್ನಿ, ಚಿಲ್ಲರೆ ಕೈಯಲ್ಲಿ ಹಿಡ್ಕೊಳ್ಳಿ" ಎಂದು ಕೂತಲ್ಲಿಂದಲೇ ಜನರನ್ನು ಹದಕ್ಕೆ ತರುತ್ತಿದ್ದರಂತೆ. ಅಂಥವರೂ ಆ ನಿಲ್ದಾಣದ ಶೌಚಾಲಯಕ್ಕೆ ಮಾತ್ರ ಹೆದರಿದರು. ಬೆಳಗ್ಗೆ ಮನೆ ಬಿಟ್ಟರೆ ಸಂಜೆ ಮನೆಗೆ ಬಂದ ಮೇಲೆಯೇ. ಬಾಯಾರಿದರೂ ಕುಡಿಯದೆ ಇರುವುದು ಅಲ್ಲಿ ಕಲಿತ ಅಭ್ಯಾಸ. ಈಗ ಸಕ್ಕರೆ ಕಾಯಿಲೆ ಬಂದಿದೆ, ಮಂಡಿ ಸವೆದಿದೆ, ಆ ಅಭ್ಯಾಸ ಹೋಗಿಲ್ಲ.

ಇನ್ನು ನಮ್ಮ ಮಾವ. ವಾಹನ ತೊಳೆಯುವ ಅಂಗಡಿ ಇಟ್ಟವರು. ಕೆಸರು ಮೆತ್ತಿದ ಲಾರಿ ಅವರ ಅಂಗಡಿಗೆ ಬಂದರೆ ಮದುಮಗನ ಹಾಗೆ ಹೊರಗೆ ಹೋಗಬೇಕು. ಜೋರಾಗಿ ನೀರು ಬಿಟ್ಟರೆ ಹೋಗದ ಕೊಳೆ ಲೋಕದಲ್ಲೇ ಇಲ್ಲ ಎಂಬುದು ಅವರ ನಂಬಿಕೆ. ಆ ನಂಬಿಕೆ ನನ್ನ ನಾದಿನಿಯ ನಿಶ್ಚಿತಾರ್ಥದ ದಿನ ನಮ್ಮೆಲ್ಲರ ಮಾನ ಕಳೆಯಿತು.

ನಿಶ್ಚಿತಾರ್ಥ ಅಂಗಡಿಯ ಹಿಂದಿನ ಬಯಲಿನಲ್ಲಿ ನಡೆಯಿತು. ಬರುವ ಜನ ಹೆಚ್ಚು, ಬಯಲಲ್ಲಿ ಶೌಚಾಲಯವಿಲ್ಲ. ಹಾಗಾಗಿ ಬಾಡಿಗೆಗೆ ಮೊಬೈಲ್ ಟಾಯ್ಲೆಟ್ ತರಿಸಿದೆವು. ಲಾರಿಯಲ್ಲಿ ಬಂದು ಇಳಿಯುವ, ಆಳಿಗಿಂತ ಎತ್ತರದ ನೀಲಿ ಪ್ಲಾಸ್ಟಿಕ್ ಡಬ್ಬಗಳವು. ಒಳಗೆ ಕೂರುವ ಕಮೋಡು, ಬಾಗಿಲಿಗೆ ಚಿಲಕ. ಮಾವ ಅಂಗಡಿಯ ಪ್ರೆಶರ್ ಪೈಪನ್ನು ಅಲ್ಲಿಯವರೆಗೂ ಎಳೆದು ತಂದರು. ಒಬ್ಬರು ಹೊರಗೆ ಬಂದರೆ ಸಾಕು, ಪೈಪು ಒಳಗೆ ಹಿಡಿದು ಸರ್ರನೆ ನೀರು ಬಿಡುತ್ತಿದ್ದರು. ಬೀಗರ ಮುಂದೆ ಅದೊಂದು ಹೆಮ್ಮೆ.

ಊಟದ ಹೊತ್ತಿಗೆ ಡಬ್ಬಗಳು ತುಂಬಿದವು. ಸ್ವಲ್ಪ ಹೊತ್ತಿಗೆ ಒಳಗಿನದು ಬಾಗಿಲ ಸಂದಿಯಿಂದ ಹೊರಗೂ ಬಂತು. ನೆಂಟರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ತಟ್ಟೆ ಹಿಡಿದು ಆಚೆ ಮೂಲೆಗೆ ಸರಿದರು. ಅತ್ತೆ ಎಂದಿನಂತೆ ಬೆಳಗ್ಗೆಯಿಂದ ತೊಟ್ಟು ನೀರು ಮುಟ್ಟಿರಲಿಲ್ಲ. ಬಿಸಿಲಲ್ಲಿ ಓಡಾಡಿದವರು, ಮಗಳಿಗೆ ಉಂಗುರ ತೊಡಿಸುವ ಮೊದಲೇ ಕಣ್ಣಿಗೆ ಕತ್ತಲೆ ಬಂದು ಬಿದ್ದರು. ಇಲ್ಲಿ ಉಂಗುರ ತೊಡಿಸುವಾಗ ತಾಯಿ ಆಸ್ಪತ್ರೆಯ ಮಂಚದ ಮೇಲೆ ಡ್ರಿಪ್ ಹಾಕಿಸಿಕೊಂಡು ಮಲಗಿದ್ದರು. ಮೂತ್ರದ ಸೋಂಕು ಮೇಲಕ್ಕೆ ಹತ್ತಿದೆ, ಇನ್ನೊಂದು ಸಲ ಹೀಗೆ ನೀರು ಕುಡಿಯದೆ ಇದ್ದರೆ ಕಿಡ್ನಿಗೆ ಕುತ್ತು ಎಂದು ಡಾಕ್ಟರು ಗದರಿದರು.

ಮಾವ ತಪ್ಪನ್ನು ಟಾಯ್ಲೆಟ್ ಕೊಟ್ಟವರ ತಲೆಗೆ ಕಟ್ಟಿದರು. ಡಬ್ಬ ಹಳೆಯದಂತೆ, ಒಳಗೆ ತೂತಂತೆ. ಮದುವೆಯ ದಿನ ಹತ್ತಿರ ಬಂದಾಗ ಅವರೊಂದು ಉಪಾಯ ಹೇಳಿದರು. ಮದುವೆಯೂ ಅದೇ ಬಯಲಲ್ಲಿ, ಅಂಥವೇ ಬಾಡಿಗೆ ಡಬ್ಬಗಳು.

"ನೋಡೇ, ನೀನು ದಿನವಿಡೀ ಇರೋದು ಬೇಡ. ಮದುವೆ ಆಗೋ ಹೊತ್ತಿಗೆ ಕಾರು ಕಳಿಸ್ತೀನಿ. ಬಂದು ಅರ್ಧ ಗಂಟೆ ಕೂತು ಹೋಗು. ಆರೋಗ್ಯ ಮುಖ್ಯ."

ಅತ್ತೆ ಕೈಯಲ್ಲಿದ್ದ ಮಾತ್ರೆಯ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟರು. ಅವರ ಮುಖ ನೋಡಿ ನಾನು ಒಲೆ ಆರಿಸಿದೆ.

"ಅರ್ಧ ಗಂಟೆ ಬಂದು ಹೋಗೋಕೆ ನಾನೇನು ನೆಂಟಳಾ? ಹೆತ್ತವಳು ಕಣ್ರೀ ನಾನು. ಬೆಳಗ್ಗೆ ಬರ್ತೀನಿ, ಕೊನೇ ನೆಂಟ ಹೋದ ಮೇಲೆ ಹೋಗ್ತೀನಿ. ನೀರು ಕುಡೀತೀನಿ. ಬಂದಾಗ ಎದ್ದು ಹೋಗಿ ಬರ್ತೀನಿ. ಅದಕ್ಕೆ ಏನು ವ್ಯವಸ್ಥೆ ಬೇಕೋ ಅದನ್ನ ಮಾಡಿ. ನನ್ನನ್ನ ಮನೇಲಿ ಕೂರಿಸೋ ವ್ಯವಸ್ಥೆ ಮಾಡಬೇಡಿ."

ಹೇಳುವುದು ಸುಲಭ. ಮಾಡುವುದು ಹೇಗೆ? ಆಗ ನಮಗೆ ದಿಕ್ಕಾದವಳು ಎದುರುಮನೆಯ ನರ್ಸ್. ಲಸಿಕೆ ಶಿಬಿರ, ರಕ್ತದಾನ ಶಿಬಿರ ಎಂದು ಬಯಲುಬಯಲು ಸುತ್ತುವವಳು, ಈ ಡಬ್ಬಗಳ ಹಣೆಬರಹವೆಲ್ಲ ಅವಳಿಗೆ ಗೊತ್ತು. ಅತ್ತೆಯ ಸಕ್ಕರೆ ನೋಡಲು ಬಂದವಳನ್ನು ಕೂರಿಸಿಕೊಂಡು ಕೇಳಿದೆವು. ಮಾವನ ಪೈಪಿನ ಕಥೆ ಕೇಳಿ ಅವಳು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು.

"ಅಲ್ಲ ದೊಡ್ಡಪ್ಪಾ, ಅದರಿಂದ ಚರಂಡಿಗೆ ದಾರಿಯೇ ಇಲ್ಲ. ಕೆಳಗೆ ಒಂದು ತೊಟ್ಟಿ ಇದೆ, ಅದರಲ್ಲಿ ವಾಸನೆ ತಡೆಯೋ ಔಷಧಿ ನೀರಿದೆ, ಅಷ್ಟೇ. ಹೋದದ್ದೆಲ್ಲ ಅಲ್ಲೇ ಇರುತ್ತೆ. ನೀವು ಪೈಪಲ್ಲಿ ಬಿಟ್ಟ ನೀರೂ ಅಲ್ಲೇ ಇರುತ್ತೆ. ತೊಟ್ಟಿಯನ್ನ ತುಂಬಿಸಿದ್ದು ನೆಂಟರಲ್ಲ, ನೀವು."

ಮಾವ ಒಪ್ಪಲಿಲ್ಲ. ನೀರಿಲ್ಲದೆ ಶುದ್ಧ ಹೇಗೆ ಎಂದು ವಾದಕ್ಕೆ ನಿಂತರು. ಅತಿಯಾದರೆ ಅಮೃತವೂ ವಿಷ ಎಂದಳು ನರ್ಸ್. ತೊಳೆದುಕೊಳ್ಳಲು ಒಂದು ಮಗ್ ನೀರು ಸಾಕು, ಬಕೆಟ್ ಬೇಡ, ಪೈಪಂತೂ ಬೇಡವೇ ಬೇಡ. ಔಷಧಿ ನೀರು ತೆಳುವಾದರೆ ವಾಸನೆ ಏಳುತ್ತದೆ. ಡೈಪರು, ಪ್ಯಾಡು, ಒದ್ದೆ ಟಿಶ್ಯೂ, ಬಾಟಲಿ ಯಾವುದನ್ನೂ ಒಳಗೆ ಹಾಕಬಾರದು. ತೊಟ್ಟಿ ಖಾಲಿ ಮಾಡಲು ಬರುವ ಹೀರುವ ಲಾರಿಯ ಕೊಳವೆಗೆ ಅದು ಸಿಕ್ಕಿಕೊಂಡರೆ ಒಬ್ಬ ಮನುಷ್ಯ ಕೊಕ್ಕೆ ಹಾಕಿ ಎಳೆಯಬೇಕಾಗುತ್ತದೆ. ನಮ್ಮ ನಿಶ್ಚಿತಾರ್ಥದ ಮರುದಿನ ಹಾಗೆ ಎಳೆಯುವುದನ್ನು ನಾನೇ ನೋಡಿದ್ದೆ. ಬಾಟಲಿ ಬಂತು, ಡೈಪರ್ ಬಂತು, ಯಾರದೋ ಕಾಲುಚೀಲವೂ ಬಂತು. ಎಳೆದವನು ಒಂದು ಮಾತೂ ಬೈಯಲಿಲ್ಲ, ನನಗೆ ತಲೆ ಎತ್ತಲಾಗಲಿಲ್ಲ.

ಅತ್ತೆ ತಮ್ಮ ಭಯ ಹೇಳಿದರು. ಜನ ಕಮೋಡಿನ ಮೇಲೆ ಚಪ್ಪಲಿಗಾಲಲ್ಲಿ ಹತ್ತಿ ಕೂರುತ್ತಾರೆ. ಕೆಸರು, ತೇವ ಎಲ್ಲ ಅಲ್ಲೇ. ಮಂಡಿ ಬಗ್ಗದವಳು ಅದರ ಮೇಲೆ ಹೇಗೆ ಕೂರಬೇಕು? ಮುಟ್ಟಲು ಹೇಸಿಗೆ ಎಂದೇ ಜನ ಹತ್ತುತ್ತಾರೆ, ಹತ್ತುವುದರಿಂದಲೇ ಅದು ಹೇಸಿಗೆಯಾಗುತ್ತದೆ ಎಂದಳು ನರ್ಸ್. ಹೊರಗೆ ಪೇಪರ್ ಸುರುಳಿ, ಒರೆಸುವ ಬಟ್ಟೆ, ಔಷಧಿ ಸ್ಪ್ರೇ, ಮುಚ್ಚಳದ ಕಸದ ಬುಟ್ಟಿ, ಕೈ ತೊಳೆಯಲು ಸೋಪು ಇಡಿ, ಒಂದು ಡಬ್ಬ ವಯಸ್ಸಾದವರಿಗೆ, ಬಸುರಿಯರಿಗೆ ಅಂತ ಬಿಡಿ ಎಂದು ಹೇಳಿಕೊಟ್ಟಳು. ಇಟ್ಟರೆ ಸಾಲದು, ಜನರಿಗೆ ಬಾಯಿಬಿಟ್ಟು ಹೇಳಬೇಕು ಎಂದೂ ಸೇರಿಸಿದಳು.

ಮಾವ ಎರಡೂ ಕೈ ಅಡ್ಡ ಆಡಿಸಿದರು. "ಮದುವೆ ಮನೇಲಿ ಬೀಗರಿಗೆ ಕಕ್ಕಸಿನ ಪಾಠನಾ? ನಾಳೆ ನನ್ನ ಮಗಳು ಆ ಮನೇಲಿ ಬಾಳಬೇಕು."

"ಬಾಳ್ತಾಳೆ ಬಿಡಿ. ಪಾಠ ನಾನು ಹೇಳ್ತೀನಿ, ನೀವು ಪೈಪು ಮುಟ್ಟದೇ ಇದ್ರೆ ಸಾಕು," ಎಂದರು ಅತ್ತೆ.

ಮದುವೆಯ ದಿನ ಬಯಲಿಗೆ ಬಂದವರೇ ಅತ್ತೆ ಎಲ್ಲರೆದುರು ಒಂದು ಲೋಟ ನೀರು ಕುಡಿದರು. ಮದುವೆ ಮುಗಿದು ಊಟಕ್ಕೆ ಏಳುವ ಮೊದಲು ಹಾಡುವವನ ಕೈಯಿಂದ ಮೈಕು ತೆಗೆದುಕೊಂಡರು. ಮಾವ ಕಂಬದ ಹಿಂದೆ ಸರಿದದ್ದನ್ನು ನಾನು ನೋಡಿದೆ. ಬಂದದ್ದು ಅದೇ ಟಿಕೆಟ್ ಕಿಟಕಿಯ ದನಿ.

"ಎಲ್ಲರೂ ಗಮನಿಸಿ. ಹಿಂದುಗಡೆ ನೀಲಿ ಡಬ್ಬಗಳಿವೆ, ಸಾಲಲ್ಲಿ ಹೋಗಿ. ಹೋಗೋ ಮೊದಲು ಬಾಗಿಲು ತಟ್ಟಿ, ಒಳಗೆ ಹೋದ ಮೇಲೆ ಚಿಲಕ ಹಾಕಿ. ಕೂತ್ಕೊಳ್ಳಿ, ಮೇಲೆ ಹತ್ತಬೇಡಿ. ನೀರು ಒಂದೇ ಮಗ್. ಕಸ ಬುಟ್ಟಿಗೆ, ತೊಟ್ಟಿಗಲ್ಲ. ಫೋನಲ್ಲಿ ಮಾತಾಡೋರು ಹೊರಗೆ ಬಂದು ಮಾತಾಡಿ. ಮಕ್ಕಳ ಜೊತೆ ದೊಡ್ಡವರು ಹೋಗಿ. ಬರೋವಾಗ ಮುಚ್ಚಳ ಹಾಕಿ, ತೇವ ಇದ್ರೆ ಒರೆಸಿ, ಕೈ ತೊಳೀರಿ. ಇಷ್ಟು ಮಾಡಿ, ಆಮೇಲೆ ಹೊಟ್ಟೆ ತುಂಬ ಊಟ ಮಾಡಿ, ನೀರು ಕುಡೀರಿ."

ಕೆಲವರು ಕಿಸಕ್ಕೆಂದರು. ಬೀಗರ ಸಾಲಿನಲ್ಲಿ ಗುಸುಗುಸು ಎದ್ದಿತು. ಆದರೆ ಹೆಂಗಸರ ಕಡೆಯಿಂದ ಯಾರೋ ಚಪ್ಪಾಳೆ ತಟ್ಟಿದರು, ನೋಡುತ್ತಿದ್ದಂತೆ ಅದು ಜೋರಾಯಿತು. ಮಗುವಿನ ಡೈಪರ್ ಹಿಡಿದ ಹುಡುಗಿಯೊಬ್ಬಳು ತಾನಾಗಿಯೇ ಬುಟ್ಟಿ ಎಲ್ಲಿ ಎಂದು ನನ್ನನ್ನು ಕೇಳಿದಳು. ಮಧ್ಯಾಹ್ನ ಕಳೆಯುವವರೆಗೂ ಡಬ್ಬಗಳ ಹತ್ತಿರ ನೊಣವೂ ಸುಳಿಯಲಿಲ್ಲ.

ಆಮೇಲೆ ಬಂದರು ಗಂಡಿನ ಸೋದರಮಾವ. ದೊಡ್ಡ ಕಂಟ್ರಾಕ್ಟರು, ಅವರು ಬಂದರೆ ಕುರ್ಚಿಗಳೇ ಎದ್ದು ನಿಲ್ಲುತ್ತವೆ. ವಯಸ್ಸಾದವರಿಗೆಂದು ಬಿಟ್ಟ ಡಬ್ಬಕ್ಕೇ ಹೋದರು, ಒಳಗಿನಿಂದಲೇ ಯಾರಿಗೋ ಫೋನಲ್ಲಿ ಸಿಮೆಂಟಿನ ಲೆಕ್ಕ ಹೇಳಿದರು. ಅತ್ತೆ ಕೋಲೂರಿಕೊಂಡು ಹೊರಗೆ ಕಾದರು. ಮುಖ ಬಿಗಿದಿತ್ತು, ಅವಸರವಿತ್ತು. ಆತ ಬಾಗಿಲನ್ನು ಹಾರುಹೊಡೆದು ಬಿಟ್ಟು ಹೊರಗೆ ಬಂದರು. ಕಮೋಡಿನ ಮೇಲೆ ಬೂಟಿನ ಕೆಸರು, ಸುತ್ತಲೂ ತೇವ.

"ಬೀಗರೇ, ಒರೆಸಿ ಹೋಗಿ," ಎಂದರು ಅತ್ತೆ.

ಆತ ಕಿವಿ ಕೇಳದವರಂತೆ ಎರಡು ಹೆಜ್ಜೆ ನಡೆದು, ತಿರುಗಿ ನಿಂತರು. "ಏನಮ್ಮಾ, ನಾನು ಯಾರು ಅಂತ ಗೊತ್ತಾ?"

"ಗೊತ್ತು. ನನಗಿಂತ ಮುಂಚೆ ಹೋದವರು."

ಮಾವ ಓಡಿ ಬಂದರು, ಬುಟ್ಟಿಯ ಪಕ್ಕದ ಒರೆಸುವ ಬಟ್ಟೆಯನ್ನು ಎತ್ತಿಕೊಂಡರು. ಬೀಗರ ಮುಂದೆ ಹಲ್ಲು ಗಿಂಜಿ ತಾವೇ ಒರೆಸಲು ಹೊರಟಿದ್ದರು. ಅತ್ತೆ ಅವರನ್ನು ತಡೆಯಲಿಲ್ಲ, ಸುಮ್ಮನೆ ನೋಡಿದರು. ಎರಡು ಕೈಯಲ್ಲೂ ಕೋಲು ಹಿಡಿದು, ತುಟಿ ಕಚ್ಚಿಕೊಂಡು, ನಿಲ್ಲಲು ಆಗದಿದ್ದರೂ ನಿಂತಿದ್ದರು. ಮಾವ ಹೆಂಡತಿಯನ್ನು ನೋಡಿದರು. ಇಷ್ಟು ವರ್ಷ ಆಕೆ ಬಾಯಾರಿಕೊಂಡೇ ಬದುಕಿದ್ದು ಅವರಿಗೆ ಆ ಕ್ಷಣ ಅರ್ಥವಾಯಿತೋ ಏನೋ, ಬಟ್ಟೆಯನ್ನು ಕಂಟ್ರಾಕ್ಟರ ಮುಂದೆ ಚಾಚಿದರು.

"ತಗೊಳ್ಳಿ ಬೀಗರೇ. ಕೊಳೆ ನಿಮ್ಮದು. ನನ್ನ ಹೆಂಡತಿ ಕಾಯ್ತಿದ್ದಾಳೆ."

ಆತನ ಮುಖ ಕೆಂಪಾಯಿತು. ಈಗಿಂದೀಗಲೇ ನಮ್ಮವರನ್ನೆಲ್ಲ ಎಬ್ಬಿಸಿಕೊಂಡು ಹೊರಡುತ್ತೇನೆ ಎಂದರು. ನನ್ನ ನಾದಿನಿ ದೂರದಿಂದ ನೋಡುತ್ತ ನಿಂತಿದ್ದಳು, ಅವಳ ಕೈ ಗಂಡನ ಕೈಯಲ್ಲಿತ್ತು. ಆಗ ಸಾಲಿನ ನಡುವಿನಿಂದ ಒಂದು ಹೆಂಗಸಿನ ದನಿ ಬಂತು. ಆತನ ಹೆಂಡತಿಯೇ.

"ಹೊರಡೋದು ಆಮೇಲೆ ಹೊರಡೋಣ, ಮೊದಲು ಒರೆಸ್ರೀ. ಬೆಳಗ್ಗೆಯಿಂದ ನೀರು ಕುಡಿದಿರಲಿಲ್ಲ, ಈ ಅಕ್ಕ ಹೇಳಿದ್ರು ಅಂತ ಕುಡಿದೆ. ಈಗ ನಾನೂ ಸಾಲಲ್ಲಿದೀನಿ."

ನಗು ಎದ್ದಿತು, ಆದರೆ ಗಂಡಸರ ಕಡೆಯಿಂದಲ್ಲ. ಕಂಟ್ರಾಕ್ಟರು ಬಟ್ಟೆ ತೆಗೆದುಕೊಂಡರು. ಗೊಣಗುತ್ತಲೇ ಒರೆಸಿದರು, ಸ್ಪ್ರೇ ಹೊಡೆದರು, ಮತ್ತೆ ಒರೆಸಿದರು, ಸೋಪು ಹಾಕಿ ಕೈ ತೊಳೆದರು. ಯಾರೂ ಎದ್ದು ಹೋಗಲಿಲ್ಲ, ಸಂಬಂಧ ಮುರಿಯಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ. ಅತ್ತೆ ಒಳಗೆ ಹೋದರು, ಚಿಲಕ ಹಾಕಿಕೊಂಡರು. ಹೊರಗೆ ಬಂದವರು ಮುಚ್ಚಳ ಹಾಕಿ ಬಂದದ್ದನ್ನು ಇನ್ನೊಮ್ಮೆ ತಿರುಗಿ ನೋಡಿ ಖಚಿತ ಮಾಡಿಕೊಂಡರು. ಮಾವ ಕೇಳದೆಯೇ ಒಂದು ಲೋಟ ನೀರು ತಂದುಕೊಟ್ಟರು. ಸಂಜೆ ಮಗಳನ್ನು ಬೀಳ್ಕೊಡುವಾಗ ತಾಯಿ ಬಾಗಿಲಲ್ಲೇ ಇದ್ದರು, ನೆಟ್ಟಗೆ ನಿಂತು ಅತ್ತರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇನ್ನು ಹೇಳುವುದು ನಿಮಗೆ. ಮದುವೆಯಿರಲಿ, ಸಭೆಯಿರಲಿ, ಆಟದ ಮೈದಾನವಿರಲಿ, ಇಂಥ ಡಬ್ಬ ಕಂಡರೆ ಮೂಗು ಮುಚ್ಚಿಕೊಳ್ಳುವ ಮೊದಲು ನಿಮ್ಮ ಪಾಲಿನ ಕೆಲಸ ಮಾಡಿ. ಕಾರ್ಯಕ್ರಮ ನಿಮ್ಮದಾದರೆ ಪೇಪರ್, ಬುಟ್ಟಿ, ಸೋಪು ಇಡಿ, ಮೈಕಿನಲ್ಲಿ ಧೈರ್ಯವಾಗಿ ಹೇಳಿ. ತೊಟ್ಟಿ ತುಂಬುತ್ತಿದೆ ಅನ್ನಿಸಿದರೆ ಸುಮ್ಮನೆ ಬರಬೇಡಿ, ನೋಡಿಕೊಳ್ಳುವವರಿಗೆ ತಿಳಿಸಿ. ಯಾರಾದರೂ ಗಲೀಜು ಮಾಡಿ ಹೊರಟರೆ, ಅವರು ಎಷ್ಟೇ ದೊಡ್ಡವರಾಗಲಿ, ಒರೆಸುವ ಬಟ್ಟೆ ಅವರ ಕೈಗೇ ಕೊಡಿ. ಬಾಗಿಲ ಹೊರಗೆ ಯಾರದೋ ತಾಯಿ ಬೆಳಗ್ಗೆಯಿಂದ ಬಾಯಾರಿ ನಿಂತಿದ್ದಾಳೆ. ಅವಳು ನೀರು ಕುಡಿಯಬೇಕೋ ಬೇಡವೋ ಎಂಬುದು ನೀವು ಒಳಗಿನಿಂದ ಹೇಗೆ ಹೊರಗೆ ಬರುತ್ತೀರಿ ಎಂಬುದರ ಮೇಲಿದೆ.