ಅಂಗೈಯಲ್ಲಿದ್ದ ಕೆಂಪು ಕಾರು

ಕೆಂಪು ಕಾರು ತಿರುವಿನಲ್ಲಿ ಹಾರಿ ಬಂದು ಮೃದುಲಾಳ ಮೊಣಕೈಗೆ ಬಡಿಯಿತು.

ಮುಳಬಾಗಿಲಿನ ಮುಕುಂದನ ಆಟಿಕೆ ಅಂಗಡಿಯ ಮಹಡಿಯಲ್ಲಿ ಅಂದು ಭಾನುವಾರದ ರೇಸು. ಉದ್ದನೆಯ ಹಲಗೆಯ ಮೇಲೆ ಅಂಕುಡೊಂಕಾದ ಟ್ರ್ಯಾಕು, ಅದರಲ್ಲಿ ನಾಲ್ಕು ಸೀಳು, ಸೀಳಿನುದ್ದಕ್ಕೂ ಕರೆಂಟು. ಕೈಯಲ್ಲಿರುವ ಟ್ರಿಗರ್ ಒತ್ತಿದಷ್ಟೂ ಪುಟ್ಟ ಕಾರು ಓಡುತ್ತದೆ. ತಿರುವಿನಲ್ಲಿ ಸಡಿಲಿಸದಿದ್ದರೆ ಹಾರಿಬೀಳುತ್ತದೆ. ಆ ಸುತ್ತಿನಲ್ಲಿ ಆಡದವರು ತಿರುವುಗಳಲ್ಲಿ ನಿಂತು, ಬಿದ್ದ ಕಾರನ್ನು ಮತ್ತೆ ಸೀಳಿಗೆ ಕೂರಿಸಬೇಕೆಂಬುದು ಮುಕುಂದನ ಕಟ್ಟಳೆ. ದೂರದ ತಿರುವು ಈ ಸಲ ಮೃದುಲಾಳ ಪಾಲಿಗೆ ಬಂದಿತ್ತು.

ಅವಳು ಕಾರನ್ನು ಮಗುಚಿ ನೋಡಿದಳು. ಸೀಳಿಗಿಳಿಯುವ ಅಡಿಯ ಕಡ್ಡಿ ಮುರಿದಿತ್ತು. ಇನ್ನು ಅದು ಓಡುವಂತಿರಲಿಲ್ಲ. ಅದನ್ನು ಓಡಿಸುತ್ತಿದ್ದ ಚನ್ನರಾಯಪ್ಪ ಹಲಗೆಯ ಆಚೆ ತುದಿಯಲ್ಲಿದ್ದ. ಆವನಿ ರಸ್ತೆಯ ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ವ್ಯಾನು ಅವನದು. ಮೃದುಲಾಳ ಮಗಳು ಪ್ರಿಯಂವದಾಳೂ ಸೇರಿದಂತೆ ಮಕ್ಕಳನ್ನೆಲ್ಲ ಇಲ್ಲಿಗೂ ಅವನೇ ಕರೆತಂದು, ಅವರ ಒತ್ತಾಯಕ್ಕೆ ತಾನೂ ಆಟಕ್ಕೆ ನಿಂತಿದ್ದ.

ನಿಮ್ಮ ಗಾಡಿ ಔಟು ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೂಗಿದ: "ನೋಡ್ರೀ ನನ್ ಗಾಡೀನ! ಎಲ್ರನ್ನೂ ಹಿಂದಾಕ್ತಾ ಐತೆ!"

ಅವನ ಬೆರಳು ಟ್ರಿಗರ್ ಒತ್ತುತ್ತಿತ್ತು, ತಿರುವು ಬಂದಾಗ ಸಡಿಲಿಸುತ್ತಿತ್ತು. ಮುಖ ಮಾತ್ರ ಹಳದಿ ಕಾರನ್ನು ಬೆನ್ನಟ್ಟಿತ್ತು. ಅದು ಔಷಧದ ಅಂಗಡಿಯ ನಂದಕಿಶೋರನದು.

"ಏಮಯ್ಯಾ, ನನ್ ಗಾಡಿಗೆ ನೀನ್ಯಾಕಯ್ಯಾ ಮೀಸೆ ತಿರುವ್ತೀಯಾ?" ನಂದಕಿಶೋರ ಛೇಡಿಸಿದ.

"ಸುಮ್ಕಿರಿ ಸಾಮಿ, ಸೋಲೋ ಭಯ ನಿಮ್ಗೆ!"

ಎಲ್ಲರೂ ನಕ್ಕರು. ತಮಾಷೆ ಮಾಡುತ್ತಿದ್ದಾನೆಂದು ಮೃದುಲಾಳೂ ನಕ್ಕಳು. ಕೆಂಪು ಕಾರನ್ನು ತಲೆಯ ಮೇಲೆತ್ತಿ ಅಲ್ಲಾಡಿಸಿದಳು. ಚನ್ನರಾಯಪ್ಪ ನೇರವಾಗಿ ಅವಳನ್ನೇ ನೋಡಿದ.

"ಏನ್ ಮೇಡಂ, ಟಾಟಾ ಮಾಡ್ತಾ ಇದೀರಾ?" ಎಂದು ತಾನೂ ಕೈ ಬೀಸಿದ.

ಮೃದುಲಾ ಎತ್ತಿದ ಕೈ ಇಳಿಸಿದಳು.

ರೇಸು ಮುಗಿಯಿತು. ಚಪ್ಪಾಳೆಯ ನಡುವೆ ಮಕ್ಕಳು ಮೆಟ್ಟಿಲಿಳಿದು ಓಡಿದರು. ಅವಳು ಕೆಳಗೆ ಬರುವಷ್ಟರಲ್ಲಿ ವ್ಯಾನು ತುಂಬಿತ್ತು. ಪ್ರಿಯಂವದಾ ಎಂದಿನಂತೆ ಮುಂದಿನ ಸೀಟಿನಲ್ಲಿ ಕುಳಿತಿದ್ದಳು.

"ಹತ್ರೀ ಮೇಡಂ, ಮನೆತಾವ ಬಿಟ್ಟು ಹೋಗ್ತೀನಿ," ಎಂದ ಚನ್ನರಾಯಪ್ಪ.

ಅವಳು ಕೆಂಪು ಕಾರನ್ನು ಅವನ ಕೈಗಿಟ್ಟಳು. ಅವನ ಹೆಬ್ಬೆರಳು ಕಾರಿನ ಮೇಲೆಲ್ಲ ಸರಿದು, ಮುರಿದ ಕಡ್ಡಿಯ ಬಳಿ ತಡೆಯಿತು.

"ಇದು... ಯಾವಾಗ?"

"ಮೊದಲನೇ ಸುತ್ತಲ್ಲೇ. ಎತ್ತಿ ತೋರಿಸಿದೆ, ಚನ್ನರಾಯಪ್ಪಾ. ನೀವು ನನ್ನೇ ನೋಡ್ತಾ ಇದ್ರಿ."

ಅವನು ದನಿ ತಗ್ಗಿಸಿದ. "ಸಕ್ಕರೆ ಕಾಯ್ಲೆ, ಮೇಡಂ. ಕಣ್ಣಿಗೆ ನಟ್ಟನಡುವೆ ಒಂಚೂರು ಮಬ್ಬು, ಅಷ್ಟೆ. ಅಕ್ಕಪಕ್ಕ ಕಾಣ್ತೈತೆ. ದಾರಿ ಎಲ್ಲಾ ಬಾಯಿಪಾಠ. ಯಾರ್ಗೂ ಹೇಳ್ಬ್ಯಾಡ್ರಿ, ವ್ಯಾನ್ ಹೋದ್ರೆ ನಾನೂ ಹೋದಂಗೆ."

"ಮಕ್ಕಳನ್ನ ಕೂರಿಸ್ಕೊಂಡು ಓಡಿಸ್ತೀರಲ್ರೀ!"

ಕಿಟಕಿಯಿಂದ ಪ್ರಿಯಂವದಾ ತಲೆ ಹೊರಗೆ ಹಾಕಿದಳು. "ಅಮ್ಮಾ, ಬೈಬೇಡ. ನಾನಿದೀನಲ್ಲ! ಹಸು ಬಂದ್ರೆ, ಲಾರಿ ಬಂದ್ರೆ ನಾನೇ ಹೇಳೋದು. ಅದಕ್ಕೇ ಅಂಕಲ್ ನನ್ನ ಮುಂದೆ ಕೂರಿಸ್ಕೊಳ್ಳೋದು. ಕ್ಲಾಸಲ್ಲಿ ಯಾರಿಗೂ ಹೇಳಿಲ್ಲ, ಗೊತ್ತಾ?"

ಮೃದುಲಾ ವ್ಯಾನಿನ ಬಾಗಿಲನ್ನು ಆತುಕೊಂಡಳು. ಒಂದನೇ ಕ್ಲಾಸಿನ ಹುಡುಗಿ. ಆವನಿ ರಸ್ತೆ. ಪ್ರತಿದಿನ ಬೆಳಿಗ್ಗೆ, ಪ್ರತಿದಿನ ಸಂಜೆ.

"ಕೀ ಕೊಡಿ," ಎಂದಳು. ಅಂಗೈ ಚಾಚಿದಳು.

ಚನ್ನರಾಯಪ್ಪ ಜೇಬಿನಿಂದ ಕೀ ತೆಗೆದ. ಅವಳ ಅಂಗೈ ತಪ್ಪಿ ಅದು ರಸ್ತೆಗೆ ಬಿತ್ತು. ಅವನು ಕುಕ್ಕುರುಗಾಲಿನಲ್ಲಿ ಕುಳಿತು, ಬಿಸಿಲಿಗೆ ಕಾದ ಡಾಂಬರಿನ ಮೇಲೆ ಕೈಯಾಡಿಸತೊಡಗಿದ.

"ಬಲಗಡೆ, ಅಂಕಲ್," ಕಿಟಕಿಯಿಂದ ಪ್ರಿಯಂವದಾ ಮೆಲ್ಲಗೆ ಹೇಳಿದಳು. "ಇನ್ನೂ ಬಲಗಡೆ."

ಅವನ ಕೈ ತಡಮಾಡದೆ ಬಲಕ್ಕೆ ಹೊರಳಿತು.